ಎಂಬತ್ತಕ್ಕೆ ನಡುಗುವ ಸ್ಟೀರಿಂಗ್

ಚಿತ್ತಾಪುರ
5 ನವೆಂಬರ್ 2024

ಚಿರಂಜೀವಿ ಉಮಾದೇವಿಗೆ,

ಅಪ್ಪನ ಆಶೀರ್ವಾದ, ಅದರ ಬೆನ್ನಿಗೇ ಒಂದು ದೂರು.

ಫೋನಿರುವಾಗ ಪತ್ರವೇಕೆ ಎಂದು ಕೇಳಬೇಡ. ಮುಧೋಳ, ಆಡಕಿ ಕಡೆಯ ಹಳ್ಳಿಗಳಲ್ಲಿ ಸೈಕಲ್ ತುಳಿದು ಮಂದಿಯ ಟಪಾಲು ಹಂಚಿ, ಕೊನೆಗೆ ಪೋಸ್ಟ್ ಮಾಸ್ತರನಾಗಿ ನಿವೃತ್ತನಾದವನು ನಾನು. ಸ್ವಂತ ಮಗಳಿಗೆ ಒಂದು ಪತ್ರ ಬರೆಯದಿದ್ದರೆ ಇಲಾಖೆಯ ಅನ್ನಕ್ಕೆ ದ್ರೋಹ ಬಗೆದಂತೆ. ಇನ್ನೊಂದು ಕಾರಣವೂ ಇದೆ. ಈ ಮನೆಯಲ್ಲಿ ಫೋನ್ ಎಂದರೆ ನಿನ್ನ ಅವ್ವನ ಸ್ಪೀಕರ್. ಶಾಂತಕುಮಾರನ ಕಿವಿಗೆ ಬೀಳದ ಮಾತು ಅದರಲ್ಲಿ ಆಡುವಂತಿಲ್ಲ, ಮತ್ತು ದೂರು ಇರುವುದು ಅವನ ಮೇಲೆಯೇ.

ದೀಪಾವಳಿಗೆ ಚಿಂಚೋಳಿಗೆ, ನಿನ್ನ ಅವ್ವನ ತವರಿಗೆ ಹೋಗಿದ್ದೆವು. ಎಂದಿನಂತೆ ಕಾರು ಓಡಿಸಿದವನು ನಾನು. ಬರುವಾಗ ಸೇಡಂ ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ಸಿಮೆಂಟ್ ಲಾರಿಗಳೂ ಹಬ್ಬಕ್ಕೆ ಊರಿಗೆ ಹೋಗಿದ್ದವೋ ಏನೋ. ಕಾಲು ಸ್ವಲ್ಪ ಒತ್ತಿದೆ. ಮುಳ್ಳು ಎಂಬತ್ತಕ್ಕೆ ಬಂದದ್ದೇ ತಡ, ಸ್ಟೀರಿಂಗ್ ಥರಥರ ನಡುಗತೊಡಗಿತು. ಪಕ್ಕದಲ್ಲಿ ಕುಳಿತ ನಿನ್ನ ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ಗಾಡಿ ಬದಿಗೆ ಹಚ್ಚಲು ಹೇಳಿದ. ಹಚ್ಚಿದೆ.

"ಅಪ್ಪಾ, ನಿಮ್ಮ ಕೈ ನಡಗಾಕತ್ತಾವ್ರಿ," ಅಂದ.

ನಡುಗಿದ್ದು ಸ್ಟೀರಿಂಗ್ ಎಂದೆ. ನಂಬಲಿಲ್ಲ. ಉಳಿದ ದಾರಿ ತಾನೇ ಓಡಿಸಿದ. ಅವನು ಓಡಿಸುವುದು ನಿನಗೆ ಗೊತ್ತಲ್ಲ, ಮುಂದೆ ಮದುವೆ ಮೆರವಣಿಗೆ ಹೊರಟಿದೆ, ತಾನು ಹಿಂದೆ ಬ್ಯಾಂಡಿನವರ ಜೊತೆ ಇದ್ದೇನೆ ಎನ್ನುವ ಹಾಗೆ. ಮುಳ್ಳು ಅರವತ್ತು ಮುಟ್ಟಲಿಲ್ಲ, ಸ್ಟೀರಿಂಗ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಮನೆಗೆ ಬರುವುದರೊಳಗೆ ತೀರ್ಪು ಸಿದ್ಧವಾಗಿತ್ತು. ತನ್ನ ಕೈಯಲ್ಲಿ ನಡುಗಲಿಲ್ಲ, ನನ್ನ ಕೈಯಲ್ಲಿ ನಡುಗಿತು, ಆದ್ದರಿಂದ ತಪ್ಪು ಕಾರಿನದಲ್ಲ. ಕೋರ್ಟಿನಲ್ಲಿ ಅವನು ಬರೀ ಗುಮಾಸ್ತ, ಮನೆಯಲ್ಲಿ ಮಾತ್ರ ಜಡ್ಜ್ ಸಾಹೇಬ. ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದ್ದ ಕೀಲಿಕೈ ಈಗ ಅವನ ಅಂಗಿಯ ಜೇಬಿನಲ್ಲಿದೆ. ನಿನ್ನ ಅವ್ವ ಕೂಡ ವಯಸ್ಸಾಯಿತಲ್ಲ ಎಂದು ಅವನ ಕಡೆಯೇ ಸಾಕ್ಷಿ ಹೇಳಿದಳು.

ಕಾರು ಹೋದದ್ದಕ್ಕೆ ನನಗೆ ಸಂಕಟವಿಲ್ಲ, ಬಸ್ಸಿದೆ, ರೈಲಿದೆ. ನನ್ನ ಕೈಯನ್ನು ನನ್ನ ಮನೆಯವರೇ ನಂಬುತ್ತಿಲ್ಲ, ಅದು ಸಂಕಟ. ಅವರು ಹೇಳಿದ್ದು ಕೇಳಿ ಕೇಳಿ ನನಗೂ ನಂಬಿಕೆ ಸಡಿಲವಾಗುತ್ತಿದೆ. ನೀನು ಇಷ್ಟು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವಳು. ನಡುಗಿದ್ದು ಕಾರೋ ನಾನೋ, ನೀನೇ ಹೇಳಬೇಕು.

ಕೀಲಿಕೈ ಇಲ್ಲದ ನಿನ್ನ ಅಪ್ಪ,
ಮಡಿವಾಳಯ್ಯ


ಕೊಪ್ಪಳ
14 ನವೆಂಬರ್ 2024

ಅಪ್ಪನವರಿಗೆ ಬಸ್ಸಿನ ಕೆಳಗಿನಿಂದ ನಿಮ್ಮ ಮಗಳ ಶರಣು.

ಪತ್ರ ಡಿಪೊ ವಿಳಾಸಕ್ಕೆ ಬಂತು. ನಮ್ಮ ಫೋರ್‌ಮನ್ ಅದನ್ನು ಎರಡು ಕೈಯಲ್ಲಿ ಹಿಡಿದು ತಂದು ಕೊಟ್ಟರು. ಪತ್ರ ಎಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದು ಅವರ ಮುಖವೇ ಬಾಡಿತ್ತು. ಅಪ್ಪನ ಸ್ಟೀರಿಂಗ್ ನಡುಗುತ್ತದಂತೆ ಎಂದು ಹೇಳಿದ ಮೇಲೆ ಅವರಿಗೆ ಜೀವ ಬಂತು.

ಡ್ರೈವರ್ ಬಂದು ಗಾಡಿ ನಡುಗುತ್ತದೆ ಎಂದರೆ ನಾವು ಇಲ್ಲಿ ಮೊದಲು ನಂಬುತ್ತೇವೆ, ಆಮೇಲೆ ಕೇಳುತ್ತೇವೆ. ನೀವು ಹೇಳಿದ್ದನ್ನು ನಾನು ನಂಬಿದ್ದೇನೆ. ಈಗ ಕೇಳುತ್ತೇನೆ. ನಡುಕ ಬರೀ ಸ್ಟೀರಿಂಗಿನಲ್ಲೋ, ಕುಳಿತ ಸೀಟಿನಲ್ಲೂ ಇತ್ತೋ? ಮುಂದಿನ ಗಾಲಿಯ ದೋಷ ಕೈಗೆ ಬರುತ್ತದೆ, ಹಿಂದಿನದು ಕುಂಡೆಗೆ. ಮಾತು ಒರಟು, ಆದರೆ ಡಿಪೊದಲ್ಲಿ ನಮಗೆ ಕಲಿಸಿದ್ದೇ ಹೀಗೆ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚಾಯಿತೋ, ಒತ್ತದೆ ಇದ್ದಾಗಲೂ ಇತ್ತೋ? ಎಂಬತ್ತನ್ನು ದಾಟಿ ಇನ್ನೂ ಮುಂದೆ ಹೋದಿರಾ, ಹೋದರೆ ಏನಾಯಿತು? ಎಲ್ಲಕ್ಕಿಂತ ಮುಖ್ಯ, ಇದು ಯಾವಾಗಿನಿಂದ?

ಅಣ್ಣನ ತೀರ್ಪಿನಲ್ಲಿ ಒಂದು ತೂತಿದೆ. ಕೆಲವು ದೋಷಗಳು ಒಂದು ವೇಗಕ್ಕೆ ಮಾತ್ರ ಎಚ್ಚರವಾಗುತ್ತವೆ. ಅದಕ್ಕಿಂತ ಕಡಿಮೆ ಹೋದರೆ ಮಲಗಿರುತ್ತವೆ. ಅವನು ಅರವತ್ತು ಮುಟ್ಟದವನು, ಅವನಿಗೆ ಕಾರು ತನ್ನ ಗುಟ್ಟು ಯಾಕೆ ಹೇಳೀತು?

ಅಂದಹಾಗೆ, ನಿಮ್ಮ ಅಕ್ಷರಗಳಿಗೆ ಏನಾಗಿದೆ? ಮೊದಲೆಲ್ಲ ಒಂದು ಸಾಲಿಗೆ ಐದು ಪದ ಬರೆಯುತ್ತಿದ್ದಿರಿ. ಈಗ ಕೊನೆ ಕೊನೆಗೆ ಇರುವೆ ಸಾಲು ಹೊರಟಂತಿದೆ. ಪೋಸ್ಟ್ ಮಾಸ್ತರರು ಕಾಗದಕ್ಕೂ ಜಿಪುಣರಾದರೆ ಹೇಗೆ? ಭೂತಗನ್ನಡಿ ಹಿಡಿದು ಓದಿದೆ.

ನಿಮ್ಮ
ಉಮಾ


ಚಿತ್ತಾಪುರ
2 ಡಿಸೆಂಬರ್ 2024

ಉಮಾ,

ನಿನ್ನ ಪ್ರಶ್ನೆಗಳನ್ನು ಓದಿ ಅರ್ಧ ಕೀಲಿಕೈ ವಾಪಸು ಬಂದಷ್ಟು ಸಂತೋಷವಾಯಿತು. ಈ ಮನೆಯಲ್ಲಿ ಎಲ್ಲರೂ ನನಗೆ ಉತ್ತರ ಹೇಳುತ್ತಿದ್ದರು, ಪ್ರಶ್ನೆ ಕೇಳಿದವಳು ನೀನೊಬ್ಬಳೇ.

ನಡುಕ ಸ್ಟೀರಿಂಗಿನಲ್ಲಿ ಮಾತ್ರ. ಹಿಂದೆ ನಿನ್ನ ಅವ್ವ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು, ಸೀಟು ನಡುಗಿದ್ದರೆ ಎದ್ದು ಶಿವಶಿವಾ ಅನ್ನುತ್ತಿದ್ದಳು. ಬ್ರೇಕಿಗೂ ಅದಕ್ಕೂ ಸಂಬಂಧವಿರಲಿಲ್ಲ. ಇನ್ನೊಂದು ಮಾತನ್ನು ನಿನ್ನ ಅಣ್ಣನಿಗೆ ಹೇಳಬೇಡ. ಚಿಂಚೋಳಿಗೆ ಹೋಗುವಾಗಲೂ ಎಂಬತ್ತಕ್ಕೆ ನಡುಗಿತ್ತು, ಅವನು ಮೊಬೈಲ್ ನೋಡುತ್ತಿದ್ದ ಹೊತ್ತಿನಲ್ಲಿ ತೊಂಬತ್ತೈದರ ಮೇಲೆ ಒಯ್ದಿದ್ದೆ. ಅಲ್ಲಿ ನಡುಕ ನಿಂತುಹೋಯಿತು. ಇಳಿಸಿದೆ, ಮತ್ತೆ ಬಂತು. ನನ್ನ ಕೈಯೇ ನಡುಗುವುದಾದರೆ ಮುಳ್ಳು ನೋಡಿಕೊಂಡು ಯಾಕೆ ನಡುಗಬೇಕು? ಇದನ್ನು ಹೇಳಿ ವಾದ ಗೆಲ್ಲಬಹುದಿತ್ತು. ಆದರೆ ಆ ವೇಗದಲ್ಲಿ ಹೋಗಿದ್ದೆ ಎಂದು ತಿಳಿದರೆ ಅವನು ಕಾರನ್ನೇ ಮಾರಿಬಿಡುತ್ತಾನೆ.

ನಿನ್ನ ಪತ್ರದ ಧೈರ್ಯದ ಮೇಲೆ ಕಾರು ತೋರಿಸು ಎಂದು ಹಟ ಹಿಡಿದೆ. ಅವನು ಇಲ್ಲೇ ಒಂದು ಟೈರ್ ಅಂಗಡಿಗೆ ಒಯ್ದ. ಅವರು ಅಲೈನ್‌ಮೆಂಟ್ ನೋಡಿ, ಗಾಲಿಗಳು ನೆಟ್ಟಗಿವೆ, ಏನೂ ದೋಷವಿಲ್ಲ ಎಂದರು. ನಿನ್ನ ಅಣ್ಣ ಮನೆಗೆ ಬಂದು ಏನೂ ಮಾತಾಡಲಿಲ್ಲ. ಗೆದ್ದವನು ಮಾತಾಡದೆ ಇದ್ದರೆ ಸೋತವನಿಗೆ ಇನ್ನೂ ಕಷ್ಟ. ಊಟಕ್ಕೆ ಕುಳಿತಾಗ ನನ್ನ ತಾಟಿಗೆ ತಾನೇ ರೊಟ್ಟಿ ಹಾಕಿದ, ಹುಷಾರಿಲ್ಲದವರಿಗೆ ಹಾಕುವ ಹಾಗೆ.

ಯಾವಾಗಿನಿಂದ ಎಂದು ಕೇಳಿದ್ದೀ. ದಸರೆಗೆ ಮುಂಚೆ ಶಹಾಬಾದಿಗೆ ಹೋಗಿ ಬಂದಾಗ ಇರಲಿಲ್ಲ. ದಸರೆಯ ನಂತರದ ಮೊದಲ ದೂರದ ಪ್ರಯಾಣವೇ ಚಿಂಚೋಳಿಯದು. ಖಂಡೇಪೂಜೆಯಲ್ಲಿ ಆಯುಧಗಳ ಜೊತೆ ಕಾರಿಗೂ ಪೂಜೆಯಲ್ಲವೇ, ಅದಕ್ಕೆ ಈ ಸಲ ಕಾರನ್ನು ನಿನ್ನ ಅವ್ವ ಹೇಗೆ ತೊಳೆದಿದ್ದಳು ಎಂದು ನೀನು ನೋಡಬೇಕಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ಕೊಡ ತಿಕ್ಕಿದ ಹಾಗೆ ಗಾಲಿಗಳನ್ನು ತಿಕ್ಕಿದ್ದಾಳೆ. ಈಗಲೂ ಮುಖ ನೋಡಿಕೊಳ್ಳಬಹುದು. ಅಂಥ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿದೆ.

ಸಂಜೆ ಅದರಲ್ಲಿ ಹೋಗಿ ಕೂಡುತ್ತೇನೆ. ಬಾಗಿಲು ತೆರೆಯಲು ಮಾತ್ರ ಶಾಂತಕುಮಾರ ಕೀಲಿಕೈ ಕೊಡುತ್ತಾನೆ, ನಿಂತು ನೋಡಿಕೊಂಡು ವಾಪಸು ಇಸಿದುಕೊಳ್ಳುತ್ತಾನೆ. ಸ್ಟೀರಿಂಗ್ ಹಿಡಿದು ಕೈ ನೋಡಿಕೊಳ್ಳುತ್ತೇನೆ. ಹಿಡಿದಷ್ಟು ಹೊತ್ತೂ ನಡುಗುವುದಿಲ್ಲ. ಆದರೂ ಭಯವಾಗುತ್ತದೆ, ಉಮಾ. ಅವರು ಹೇಳುವುದೇ ನಿಜವಾಗಿದ್ದರೆ ಎಂದು ಭಯವಾಗುತ್ತದೆ.

ಅಂಗಳದ ಡ್ರೈವರ್,
ನಿನ್ನ ಅಪ್ಪ


ಚಿತ್ತಾಪುರ
9 ಡಿಸೆಂಬರ್ 2024

ಉಮಾಗೆ, ಶಾಂತಕುಮಾರ.

ನನ್ನ ಪತ್ರ ನೋಡಿ ಬೆಚ್ಚಿಬೀಳಬೇಡ. ಅಂಚೆಚೀಟಿ ಅಪ್ಪನೊಬ್ಬನ ಸೊತ್ತಲ್ಲ. ನಿಮ್ಮಿಬ್ಬರ ನಡುವೆ ಟಪಾಲು ಓಡಾಡುತ್ತಿರುವುದು ನನಗೆ ಗೊತ್ತು. ಅದರಲ್ಲಿ ನಾನು ಖಳನಾಯಕ ಎನ್ನುವುದೂ ಗೊತ್ತು. ಇರಲಿ.

ಕೀಲಿಕೈ ತೆಗೆದುಕೊಂಡ ದಿನ ನಾನು ಊಟ ಮಾಡಲಿಲ್ಲ. ಅದನ್ನು ಅಪ್ಪ ನಿನಗೆ ಬರೆದಿರಲಿಕ್ಕಿಲ್ಲ, ಅವರಿಗೆ ತಿಳಿಯದಂತೆ ನೋಡಿಕೊಂಡೆ. ನಾನು ನೋಡಿದ್ದು ಸೇಡಂ ರಸ್ತೆಯ ನಡುಕ ಒಂದನ್ನೇ ಅಲ್ಲ. ಟೀವಿ ನೋಡುತ್ತ ಕುಳಿತಾಗ ಅಪ್ಪನ ಬಲಗೈ ತೊಡೆಯ ಮೇಲೆ ಇರುತ್ತದಲ್ಲ, ಆಗ ಹೆಬ್ಬೆರಳೂ ತೋರುಬೆರಳೂ ವಿಭೂತಿ ತಿಕ್ಕಿದ ಹಾಗೆ ಆಡುತ್ತಿರುತ್ತವೆ. ಪೂಜೆಯ ಅಭ್ಯಾಸ ಇರಬೇಕೆಂದು ಮೊದಲು ನಾನೂ ಅಂದುಕೊಂಡಿದ್ದೆ. ಅವ್ವ ಈಗಲೂ ಹಾಗೇ ಅಂದುಕೊಂಡಿದ್ದಾಳೆ, ಕುಳಿತಲ್ಲೇ ಶಿವಧ್ಯಾನ ಮಾಡುತ್ತಾರೆ ಎಂದು ನೆರೆಮನೆಯ ಅಮೀರ್ಬೀ ಮುಂದೆ ಹೆಮ್ಮೆಯಿಂದ ಹೇಳುತ್ತಾಳೆ. ಪೇಪರ್ ಎತ್ತಿಕೊಂಡರೆ ನಿಲ್ಲುತ್ತದೆ. ಪೇಪರ್ ಕೆಳಗಿಟ್ಟರೆ ಮತ್ತೆ ಶುರು.

ನಾನು ಅಪ್ಪನ ಹಾಗೆ ತಮಾಷೆಯಾಗಿ ಬರೆಯಲಾರೆ. ಅವರಿಗೆ ಏನಾದರೂ ಆದರೆ ಎಂದು ನನಗೆ ಹೆದರಿಕೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಕಾರನ್ನು ಡಾಕ್ಟರಿಗೆ ತೋರಿಸು ಅನ್ನುತ್ತಾರೆ. ನೀನು ಹೇಳಿದರೆ ಕೇಳಿಯಾರು.

ಶಾಂತಕುಮಾರ


ಕೊಪ್ಪಳ
18 ಡಿಸೆಂಬರ್ 2024

ಅಣ್ಣಾ,

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಅಪ್ಪನ ಹಳೆಯ ಪತ್ರಗಳನ್ನು ತೆಗೆದು ಈಗಿನವುಗಳ ಪಕ್ಕದಲ್ಲಿಟ್ಟು ನೋಡಿದೆ. ನಿನ್ನ ಮಾತು ಸುಳ್ಳಲ್ಲ ಎಂದು ನನಗೂ ಅನಿಸುತ್ತಿದೆ.

ಆದರೆ ಅಪ್ಪನ ಮಾತೂ ಸುಳ್ಳಲ್ಲ. ಒಂದೇ ಗಾಡಿಯಲ್ಲಿ ಎರಡು ದೋಷ ಇರುವುದು ಇಲ್ಲಿ ದಿನಾ ನೋಡುತ್ತೇನೆ. ಒಂದನ್ನು ಇನ್ನೊಂದರ ತಲೆಗೆ ಕಟ್ಟಿದರೆ ಎರಡೂ ರಿಪೇರಿ ಆಗುವುದಿಲ್ಲ. ಮೊದಲು ಕಾರಿನದನ್ನು ಹುಡುಕೋಣ. ಗಾಲಿ ಬ್ಯಾಲೆನ್ಸಿಂಗ್ ಮಾಡುವ ಅಂಗಡಿಗೆ ಕಾರು ಒಯ್ಯಿ. ಸರಿಯಾದ ಮೇಲೆ ಒಂದು ದಿನ ಕೀಲಿಕೈಯನ್ನು ಅಪ್ಪನ ಕೈಗೆ ಕೊಟ್ಟು ಪಕ್ಕದಲ್ಲಿ ಕೂಡು. ಸ್ಟೀರಿಂಗ್ ಹಿಡಿದಾಗ ಅವರ ಕೈ ಗಟ್ಟಿ ಇರುತ್ತದೆ, ಪೇಪರ್ ಎತ್ತಿಕೊಂಡರೆ ನಿಲ್ಲುತ್ತದೆ ಎಂದು ನೀನೇ ಬರೆದಿದ್ದೀಯಲ್ಲ. ಊರ ಹೊರಗಿನ ಖಾಲಿ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಒಂದೇ ಸಲ.

ಕೈಯ ಮಾತನ್ನು ಅಪ್ಪನೇ ಎತ್ತಲಿ. ನಾವು ಎತ್ತಿದರೆ ಅವರು ಜನ್ಮದಲ್ಲಿ ಒಪ್ಪುವುದಿಲ್ಲ. ನಿನ್ನ ಹೆದರಿಕೆ ನನಗೂ ಇದೆ ಅಣ್ಣಾ.

ಉಮಾ


ಕೊಪ್ಪಳ
18 ಡಿಸೆಂಬರ್ 2024

ಅಪ್ಪಾ, ಶರಣು.

ನಿಮ್ಮ ಉತ್ತರಗಳನ್ನು ಬಾಯಿಪಾಠ ಆಗುವಷ್ಟು ಸಲ ಓದಿದೆ. ಅಲೈನ್‌ಮೆಂಟ್ ಎಂದರೆ ಗಾಲಿಗಳು ನೆಟ್ಟಗೆ ನಡೆಯುತ್ತವೆಯೇ ಎಂದು ನೋಡುವುದು. ಬ್ಯಾಲೆನ್ಸಿಂಗ್ ಬೇರೆ. ಗಾಲಿ ಸುತ್ತ ಒಂದೇ ತೂಕ ಇರಬೇಕು. ಒಂದು ಬದಿ ನಾಲ್ಕು ಕಾಳಿನಷ್ಟು ಭಾರವಾದರೂ ಜೋರಾಗಿ ತಿರುಗುವಾಗ ಅದು ಗಾಲಿಯನ್ನು ಎತ್ತಿ ಎತ್ತಿ ಒಗೆಯುತ್ತದೆ. ಒಂದು ವೇಗಕ್ಕೆ ಆ ಒಗೆತ ಕಾರಿನ ಮೈಗೆ ಹೊಂದಿಕೊಂಡು ಕೈಗೆ ಬರುತ್ತದೆ, ಇನ್ನೂ ವೇಗ ಹೋದರೆ ಹೊಂದಿಕೆ ತಪ್ಪಿ ನಿಲ್ಲುತ್ತದೆ. ನೀವು ಹೇಳಿದ್ದು ಇದನ್ನೇ. ನಿಮ್ಮ ಅಂಗಡಿಯವರು ನೋಡಬೇಕಾದದ್ದು ಬಿಟ್ಟು ಬೇರೊಂದು ನೋಡಿದರು.

ಈಗ ಒಂದು ಕೆಲಸ ಮಾಡಿ. ಹಗಲಿನಲ್ಲಿ ಮುಂದಿನ ಗಾಲಿಗಳ ಕಬ್ಬಿಣದ ಅಂಚು ನೋಡಿ. ಬೂದು ಬಣ್ಣದ, ಒಣ ಖರ್ಜೂರದಷ್ಟು ಉದ್ದದ ಸೀಸದ ತುಂಡುಗಳು ಅಂಚಿಗೆ ಕಚ್ಚಿಕೊಂಡಿರಬೇಕು. ಅವು ಇವೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ, ಸಿಟ್ಟಾಗದೆ, ಖಂಡೇಪೂಜೆಗೆ ಗಾಲಿ ತಿಕ್ಕಿದವರನ್ನು ಕೇಳಿ.

ಚಳಿ ಇದೆ, ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಪತ್ರ ಬರೆಯುತ್ತಿರಿ. ಎಷ್ಟು ಬರೆದರೂ ನನಗೆ ಸಾಲುವುದಿಲ್ಲ.

ನಿಮ್ಮ
ಉಮಾ


ಚಿತ್ತಾಪುರ
20 ಜನವರಿ 2025

ನನ್ನ ವಕೀಲರಾದ ಉಮಾದೇವಿಯವರಿಗೆ,

ಕೇಸು ಗೆದ್ದೆವು. ಮೊದಲಿನಿಂದ ಹೇಳುತ್ತೇನೆ, ಗೆದ್ದವನಿಗೆ ವಿಸ್ತಾರವಾಗಿ ಹೇಳುವ ಹಕ್ಕಿದೆ.

ನೀನು ಹೇಳಿದಂತೆ ಗಾಲಿಯ ಅಂಚು ನೋಡಿದೆ. ಸೀಸ ಇರಲಿಲ್ಲ. ಹಿಂದಿನ ಗಾಲಿಗಳಿಗೆ ಇದ್ದವು, ಮುಂದಿನ ಎರಡಕ್ಕೂ ಇಲ್ಲ. ಇದ್ದ ಜಾಗದ ಗುರುತು ಮಾತ್ರ ಉಳಿದಿತ್ತು. ನಿನ್ನ ಅವ್ವನನ್ನು ಕರೆದು, ಸಿಟ್ಟಾಗದೆ, ಇಲ್ಲಿ ಏನಾದರೂ ಅಂಟಿತ್ತೇ ಎಂದು ಕೇಳಿದೆ. ಅವಳು ಸಲೀಸಾಗಿ ಹೌದು ಅಂದಳು. ರಸ್ತೆಯ ಡಾಂಬರೋ ಸಿಮೆಂಟೋ ಗಟ್ಟಿಯಾಗಿ ಕುಳಿತಿದೆ ಎಂದುಕೊಂಡು, ಹೊಲಿಗೆ ಯಂತ್ರದ ಖಾನೆಯಿಂದ ಸ್ಕ್ರೂಡ್ರೈವರ್ ತಂದು ಮೀಟಿ ಮೀಟಿ ತೆಗೆದಿದ್ದಳು. ಹಿಂದಿನ ಗಾಲಿಗೆ ಬರುವ ಹೊತ್ತಿಗೆ ಸೊಂಟ ಹಿಡಿದದ್ದರಿಂದ ಅವು ಬದುಕಿಕೊಂಡವು.

"ಪೂಜಾಕ್ಕ ಹೊಲಸು ಗಾಲಿ ಇಡ್ಲಿಕ್ಕಾಗ್ತದೇನ್ರಿ?" ಎಂದು ನನ್ನನ್ನೇ ಕೇಳಿದಳು.

ತೆಗೆದದ್ದನ್ನು ಏನು ಮಾಡಿದೆ ಎಂದರೆ ದೇವರ ಕೋಣೆಗೆ ಕರೆದೊಯ್ದಳು. ಅಲ್ಲಿಯ ಪರದೆ ಫ್ಯಾನಿನ ಗಾಳಿಗೆ ಹಾರಿ ದೀಪದ ಮೇಲೆ ಬರುತ್ತಿತ್ತಲ್ಲ. ತುಂಡುಗಳು ಭಾರವಾಗಿವೆ, ಕೆಲಸಕ್ಕೆ ಬಂದಾವು ಎಂದು ತೊಳೆದು, ಪರದೆಯ ಕೆಳಗಿನ ಮಡಿಕೆಯಲ್ಲಿಟ್ಟು ಹೊಲಿದಿದ್ದಾಳೆ. ದಿನಾ ಬೆಳಿಗ್ಗೆ ಪೂಜೆಗೆ ಕೂಡುವಾಗ ಆ ಪರದೆ ಸರಿಸಿದವನು ನಾನು. ನನ್ನ ಮಾನ ಅದರ ಅಂಚಿನಲ್ಲಿ ತೂಗಾಡುತ್ತಿತ್ತು, ನನಗೇ ಗೊತ್ತಿರಲಿಲ್ಲ. ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀರಿ ಎಂದಳು. ವಿಷಯ ಹೇಳಿದೆ. ಅವಳು ನಗಲಿಲ್ಲ, ಅಲ್ಲೇ ಮಣೆಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ಮಗನ ಜೊತೆ ಸೇರಿ ನಿಮ್ಮ ಕೈಗೆ ವಯಸ್ಸಾಯಿತು ಅಂದೆನಲ್ಲ ಎಂದು ಅತ್ತಳು. ನಾನು ಅವಳ ಬೆನ್ನು ಸವರಿದೆ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ತಪ್ಪಾಯಿತು ಎಂದದ್ದು ಅದೇ ಮೊದಲು, ಅದನ್ನೂ ನಾನು ಸುಖವಾಗಿ ಅನುಭವಿಸಲು ಆಗಲಿಲ್ಲ.

ಶಾಂತಕುಮಾರ ಸಂಜೆ ಬಂದು ಪರದೆ ಮುಟ್ಟಿ ನೋಡಿದ. ರವಿವಾರ ತಾನೇ ಕಾರು ತೆಗೆದುಕೊಂಡು ವಾಡಿಗೆ ಹೊರಟ, ನನ್ನನ್ನೂ ಕೂಡಿಸಿಕೊಂಡ. ಅಲ್ಲಿ ಗುಲಾಮ್ ರಸೂಲನ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮಶೀನ್ ಇದೆ. ಅವನ ಅಣ್ಣ ದುಬೈನಿಂದ ಬರೆಯುತ್ತಿದ್ದ ಪತ್ರಗಳನ್ನು ಅವರ ಅಮ್ಮನಿಗೆ ಓದಿ ಹೇಳುತ್ತಿದ್ದವನು ನಾನು, ಆ ಸಲಿಗೆ ಇನ್ನೂ ಇದೆ. ಗಾಲಿ ಬಿಚ್ಚಿ ಮಶೀನಿಗೆ ಹಾಕಿ ತಿರುಗಿಸಿದ. ಪರದೆಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಾಸ್ತರ್ ಸಾಬ್, ತಕ್ಕಡಿ ಎರಡೂ ಬದಿ ಸಮ ಆಗ್ಲಿ ಅಂತ ಪಾಸಂಗ ಕಟ್ಟತಾರಲ್ರಿ, ಗಾಲಿಗೆ ಇದು ಹಂಗ. ಪಾಸಂಗ ಕಿತ್ತ್ರ ತಕ್ಕಡಿ ನೆಟ್ಟಗ ಹ್ಯಾಂಗ ನಿಂದರ್ತದ?" ಎಂದ.

ಹೊಸ ಸೀಸ ಹಚ್ಚಿದ. ಹಳೆಯವು ಪರದೆಯಲ್ಲೇ ಇರಲಿ, ದೇವರ ಸೇವೆಗೆ ಹೋದದ್ದನ್ನು ವಾಪಸು ಕೇಳಬಾರದು ಅಂದ.

ಮರುದಿನ ಶಾಂತಕುಮಾರ ಕೋರ್ಟಿಗೆ ಅರ್ಧ ದಿನ ರಜೆ ಹಾಕಿದ. ಊರು ದಾಟಿ ಸೇಡಂ ರಸ್ತೆಯ ಖಾಲಿ ಜಾಗಕ್ಕೆ ಬಂದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಸುತ್ತ ಬಂದು ನನ್ನ ಬದಿಯ ಬಾಗಿಲು ತೆರೆದ. ಕೀಲಿಕೈ ಗಾಡಿಯಲ್ಲೇ ಇತ್ತು. ನಾನು ಓಡಿಸಿದೆ. ಅರವತ್ತು, ಎಪ್ಪತ್ತು, ಎಂಬತ್ತು. ಉಮಾ, ಸ್ಟೀರಿಂಗ್ ಅಲುಗಲಿಲ್ಲ. ಹೊಲಗಳಲ್ಲಿ ತೊಗರಿ ಕೊಯ್ಯುತ್ತಿದ್ದರು. ನನಗೆ ಕಣ್ಣು ಮಂಜಾಗಿ ಸ್ವಲ್ಪ ವೇಗ ಇಳಿಸಬೇಕಾಯಿತು.

ಮನೆಗೆ ಬಂದು ಅವನು ಕೀಲಿಕೈಯನ್ನು ಮೊಳೆಗೆ ಹಾಕಿದ. ತಪ್ಪಾಯಿತು ಅನ್ನಲಿಲ್ಲ, ನನಗೂ ಅದು ಬೇಕಿರಲಿಲ್ಲ. ಊಟದಲ್ಲಿ ರೊಟ್ಟಿಯನ್ನು ನಾನೇ ಹಾಕಿಕೊಂಡೆ.

ಕೀಲಿಕೈ ಉಳ್ಳ,
ನಿನ್ನ ಅಪ್ಪ


ಕೊಪ್ಪಳ
1 ಫೆಬ್ರವರಿ 2025

ಅಪ್ಪಾ,

ಪತ್ರವನ್ನು ಫೋರ್‌ಮನ್‌ಗೆ ಓದಿ ಹೇಳಿದೆ. ಇಡೀ ಶೆಡ್ ಕೇಳಿತು. ಈಗ ಇಲ್ಲಿ ಯಾವ ಸಾಮಾನು ಕಾಣೆಯಾದರೂ, ದೇವರ ಪರದೆ ನೋಡ್ರಿ ಅನ್ನುತ್ತಾರೆ.

ಗೆದ್ದದ್ದಕ್ಕೆ ನನಗೆ ಹೇಳಲಾಗದಷ್ಟು ಸಂತೋಷ. ನಿಮ್ಮ ಕೈಯನ್ನು ನಾನು ಒಂದು ದಿನವೂ ಅನುಮಾನಿಸಲಿಲ್ಲ, ಸ್ಟೀರಿಂಗಿನ ಮೇಲಿದ್ದಾಗ.

ಯುಗಾದಿಗೆ ರಜೆ ಕೇಳಿದ್ದೇನೆ. ಅಣ್ಣನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ನಿಮ್ಮ ಮೇಲೆ ಅವನಿಗಿರುವ ಜೀವ ನಿಮಗೆ ಗೊತ್ತಿಲ್ಲ.

ಉಮಾ


ಚಿತ್ತಾಪುರ
12 ಮಾರ್ಚ್ 2025

ಮಗಳೇ,

ಉತ್ತರ ತಡವಾಯಿತು. ಗೆದ್ದ ಸುದ್ದಿ ಬರೆಯುವುದು ಸುಲಭವಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಒಬ್ಬನೇ ಶಹಾಬಾದಿಗೆ ಹೋಗಿದ್ದೆ. ಅಡುಗೆಮನೆಯ ನೆಲದ ಒಂದು ಫರಸಿ ಕಲ್ಲು ಒಡೆದಿತ್ತು, ಅಳತೆ ಕೊಟ್ಟು ಬಂದೆ. ವಾಪಸು ಬರುವಾಗ ವಾಡಿಯ ಹತ್ತಿರ ರೈಲ್ವೆ ಗೇಟು ಬಿತ್ತು. ಸಿಮೆಂಟಿನ ಗೂಡ್ಸು ಗಾಡಿ, ಮುಗಿಯುವುದೇ ಇಲ್ಲ. ಇಂಜಿನ್ ಬಂದ್ ಮಾಡಿ, ಸ್ಟೀರಿಂಗ್ ಬಿಟ್ಟು, ಕೈಯನ್ನು ತೊಡೆಯ ಮೇಲಿಟ್ಟು ಕುಳಿತೆ. ಡಬ್ಬಿಗಳನ್ನು ನೋಡುತ್ತಿದ್ದವನು ಯಾಕೋ ಕೆಳಗೆ ನೋಡಿದೆ. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ವಿಭೂತಿ ತಿಕ್ಕುತ್ತಿತ್ತು. ಕೈಯಲ್ಲಿ ವಿಭೂತಿ ಇರಲಿಲ್ಲ. ನಿಲ್ಲು ಎಂದು ಮನಸ್ಸಿನಲ್ಲೇ ಹೇಳಿದೆ, ನಿಲ್ಲಲಿಲ್ಲ. ಸ್ಟೀರಿಂಗ್ ಹಿಡಿದೆ, ನಿಂತಿತು. ಬಿಟ್ಟೆ, ಮತ್ತೆ ಶುರುವಾಯಿತು. ಕಾರು ಬಂದ್ ಇತ್ತು, ಉಮಾ. ಗಾಲಿ ತಿರುಗುತ್ತಿರಲಿಲ್ಲ. ಇನ್ನು ಯಾರ ತಲೆಗೆ ಕಟ್ಟಲಿ?

ಗೇಟು ತೆಗೆದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ನನ್ನ ಕೈ ಎದ್ದು ಕೀಲಿಕೈಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಡುಕಕ್ಕಿಂತ ಆ ತಡ ನನ್ನನ್ನು ಹೆದರಿಸಿತು. ಹಳಿಯ ಮೇಲೆ ಹೀಗಾದರೆ ಎಂದುಕೊಂಡೆ. ನಿಧಾನವಾಗಿ, ನಿನ್ನ ಅಣ್ಣನ ಮೆರವಣಿಗೆಯ ವೇಗದಲ್ಲಿ ಮನೆಗೆ ಬಂದೆ.

ಅಂದು ನಿನ್ನ ಪತ್ರಗಳನ್ನೆಲ್ಲ ತೆಗೆದು ಓದಿದೆ. ನನ್ನ ಅಕ್ಷರ ಇರುವೆ ಸಾಲಾಗಿದೆ ಎಂದು ಒಂದು ಪತ್ರದಲ್ಲಿ ನೀನು ಛೇಡಿಸಿದ್ದೆ. ಆಮೇಲಿನ ಯಾವ ಪತ್ರದಲ್ಲೂ ಆ ಮಾತಿಲ್ಲ. ನನ್ನ ಅಕ್ಷರ ದೊಡ್ಡದಾಗಿರಲಿಲ್ಲ, ಇನ್ನೂ ಸಣ್ಣದಾಗಿತ್ತು. ಚೇಷ್ಟೆ ಸಿಕ್ಕರೆ ಬಿಡುವವಳಲ್ಲ ನೀನು. ನೀನು ಬಿಟ್ಟಿದ್ದೀ ಎಂದಾಗಲೇ ನಿನಗೆ ಗೊತ್ತಿದೆ ಎಂದು ತಿಳಿಯಿತು. ಗೊತ್ತಿದ್ದೂ ಮೊದಲು ನನ್ನ ಕೇಸು ಗೆಲ್ಲಿಸಿದೆ. ಕಾರಿನ ತಪ್ಪನ್ನು ನನ್ನ ಕೈಯ ಮೇಲೆ ಹೊರಿಸಿ ಡಾಕ್ಟರ ಹತ್ತಿರ ಎಳೆದೊಯ್ದಿದ್ದರೆ, ನಾನು ಸಾಯುವವರೆಗೂ ಕಾರೇ ನಡುಗಿತು ಅನ್ನುತ್ತಿದ್ದೆ.

ಮರುದಿನ ಬೆಳಿಗ್ಗೆ ಶಾಂತಕುಮಾರ ಕೋರ್ಟಿಗೆ ಹೊರಟಾಗ ಮೊಳೆಯ ಮೇಲಿನ ಕೀಲಿಕೈ ತೆಗೆದು ಅವನ ಮುಂದೆ ಹಿಡಿದೆ. ಗೇಟಿನ ಹತ್ತಿರ ಆದದ್ದನ್ನು ಹೇಳಿದೆ. ಅವನು ಕೈ ಹಿಂದೆ ಕಟ್ಟಿಕೊಂಡ.

"ನಿಮ್ಮ ಹತ್ರಾನೇ ಇರ್ಲಿ ಅಪ್ಪಾ. ಒಮ್ಮಿ ಕಸಗೊಂಡಿದ್ದೇ ನಂಗ ಸಾಕಾಗೇದ," ಅಂದ.

"ನೀ ಕಸಗೊಂಡಿದ್ದು ಬ್ಯಾರೆ, ನಾ ಕೊಡೋದು ಬ್ಯಾರೆ. ತೊಗೊ," ಅಂದೆ.

ತೆಗೆದುಕೊಂಡ. ಅಂಗಿಯ ಜೇಬಿನಲ್ಲಿ ಹಾಕಿಕೊಳ್ಳಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಅಂಗಳದಲ್ಲಿ ನಿಂತ ಕಾರಿನವರೆಗೂ ಹೋಗಿ, ಕಣ್ಣೊರೆಸಿಕೊಂಡು ಬಂದ.

ಕಳೆದ ವಾರ ಕಲಬುರಗಿಯ ಡಾಕ್ಟರರನ್ನು ಕಂಡೆವು. ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು, ಒಂದು ಕಾಗದ ಕೊಟ್ಟು ಬರೆಸಿ ನೋಡಿದರು. ಕಾಯಿಲೆಗೆ ಒಂದು ಇಂಗ್ಲಿಷ್ ಹೆಸರಿದೆ, ನೀನು ಬಂದಾಗ ಶಾಂತಕುಮಾರ ಹೇಳುತ್ತಾನೆ, ನನಗೆ ಬರೆಯಲು ಮನಸ್ಸಿಲ್ಲ. ವಾಸಿಯಾಗುವುದಲ್ಲ, ಆದರೆ ಗುಳಿಗೆಯಿಂದ ಹದ್ದುಬಸ್ತಿನಲ್ಲಿ ಇಡಬಹುದಂತೆ. ಗಾಡಿ ಸದ್ಯಕ್ಕೆ ಬೇಡ ಎಂದರು. ಆಗಲೇ ಬಿಟ್ಟಿದ್ದೇನೆ ಎಂದು ನಾನು ಹೇಳಿದೆ, ಅದನ್ನು ಹೇಳುವಾಗ ನನ್ನ ತಲೆ ತಗ್ಗಲಿಲ್ಲ. ಬರೆಯುವ ಅಭ್ಯಾಸ ಬಿಡಬೇಡಿ, ಗೆರೆ ಹಾಕಿದ ಪುಸ್ತಕದಲ್ಲಿ ದೊಡ್ಡದಾಗಿ ಬರೆಯಿರಿ ಎಂದಿದ್ದಾರೆ. ಈ ಪತ್ರವನ್ನು ನಾಲ್ಕು ಗೆರೆ ಕಾಪಿ ಪುಸ್ತಕದ ಹಾಳೆಯಲ್ಲಿ ಬರೆದಿದ್ದೇನೆ. ಮೊದಲ ಪುಟದ ಅಕ್ಷರ ಚೆನ್ನಾಗಿವೆ, ಇಲ್ಲಿಗೆ ಬರುವಷ್ಟರಲ್ಲಿ ಮತ್ತೆ ಇರುವೆ ಹೊರಟಿವೆ. ಇನ್ನು ಮುಂದೆ ನೀನು ಛೇಡಿಸಬಹುದು.

ನಿನ್ನ ಅವ್ವನಿಗೂ ಹೇಳಿದೆವು. ಶಿವಧ್ಯಾನವಲ್ಲ ಎಂದು ತಿಳಿದ ಮೇಲೆ ಎದ್ದು ದೇವರ ಕೋಣೆಗೆ ಹೋದಳು. ಆಮೇಲೆ ಬೆರಳಿಗೆ ಒಂದಿಷ್ಟು ವಿಭೂತಿ ತಂದು ಹಚ್ಚಿ, ಹೇಗೂ ತಿಕ್ಕುತ್ತೀರಿ, ಖಾಲಿ ಯಾಕೆ ತಿಕ್ಕಬೇಕು ಅಂದಳು.

ಒಂದು ಮಾತು ಹೇಳುವುದು ಉಳಿಯಿತು. ಕಲಬುರಗಿಗೆ ಓಡಿಸಿದವನು ನಿನ್ನ ಅಣ್ಣ. ಶಹಾಬಾದ್ ದಾಟಿ ರಸ್ತೆ ಖಾಲಿಯಾದರೂ ಮುಳ್ಳು ಐವತ್ತೈದರಲ್ಲೇ ಇತ್ತು. ಎಂಬತ್ತಕ್ಕೆ ಒಯ್ಯಿ, ಈಗ ನಡುಗುವುದಿಲ್ಲ, ನಾನು ನೋಡಿದ್ದೇನೆ ಎಂದೆ. ಅವನು ನನ್ನ ಮುಖ ನೋಡಿದ, ಒತ್ತಿದ. ಎಂಬತ್ತಾಯಿತು. ಸ್ಟೀರಿಂಗ್ ನೆಟ್ಟಗಿತ್ತು. ನನ್ನ ಕೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ನಡುಗುತ್ತಿತ್ತು, ನಾನು ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ. ಶಾಂತಕುಮಾರ ಎಡಗೈ ಚಾಚಿ ಅದರ ಮೇಲಿಟ್ಟ. ಮುಂದೆ ಒಂದು ರೋಡ್ ಹಂಪ್ ಬಂತು. ಗೇರ್ ಬದಲಿಸಲು ಕೈ ತೆಗೆದ, ಬದಲಿಸಿ ಮತ್ತೆ ಇಟ್ಟ.

ನಿನ್ನ ಅಪ್ಪ,
ಮಡಿವಾಳಯ್ಯ